ಸಾಂಬ್ರಾದಾಗ ನಿಂತ ವಿಮಾನ

“ಕಾಕಾ, ನನ್ನ ವಿಮಾನ ಸಾಂಬ್ರಾದಾಗ ಕೆಟ್ಟು ನಿಂತೈತ್ರಿ. ಏನ್ ಮಾಡಿದ್ರೂ ಏಳವಲ್ದು!”

ಕಂಪೌಂಡ್ ಗೋಡೆಗೆ ಗದ್ದ ಊರಿ ಪಕ್ಕದ ಮನೆಯ ಹುಡುಗ ದೂರು ಹೇಳುವಾಗ ಅವನ ಆಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. “ಸೈಕಲ್ ಪಂಕ್ಚರ್ ತಗಸಾಕ ಆಗವಲ್ದು, ವಿಮಾನ ಅಂತ ವಿಮಾನ,” ಎಂದರು.

ವಿಮಾನ ಕಂಪ್ಯೂಟರಿನದು, ನಿಂತದ್ದೂ ಅದರೊಳಗಿನ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆಂದು ಪಿಎಂಡಿಜಿ ಕಂಪನಿ 2022ರಲ್ಲಿ ಬಿಟ್ಟ ಬೋಯಿಂಗ್ 737. ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಕೊಂಡ ಮೇಲೆ ಬ್ಯಾಟರಿ, ಎಪಿಯು, ಹೈಡ್ರಾಲಿಕ್ ಪಂಪು ಎಂದು ಪೈಲಟ್ ಮಾಡುವ ಕ್ರಮದಲ್ಲೇ ಎಲ್ಲ ಮಾಡಬೇಕು. ದುಡ್ಡು ಕೊಟ್ಟು ತಾಪತ್ರಯ ತರುವುದು ಅಂದರೆ ಇದೇ. ಈ ಆಟದ ಹಳೇ ಗಿರಾಕಿ ನಾನು, ಅದಕ್ಕೇ ಓಣಿಯ ವಿಮಾನಗಳೆಲ್ಲ ನನ್ನ ಗೋಡೆಗೇ ರಿಪೇರಿಗೆ ಬರುತ್ತವೆ.

“ಏಳವಲ್ದು ಅಂದ್ರ ಏನಪಾ? ಇಂಜಿನ್ ಚಾಲೂ ಆಗಿಲ್ಲೇನು?”

“ಇಂಜಿನ್ ಚಾಲೂ ಅದಾವ್ರಿ. ಪರದೆ ಮ್ಯಾಲ ನಕಾಶೆ ಬರವಲ್ದು. ಮ್ಯಾಲಿನ ಪ್ಯಾನೆಲ್‌ನಾಗ ಅಲೈನ್ ಅನ್ನೋ ದೀಪ ಪಕಪಕ ಅಂತೈತಿ.”

ನೋಡಿ, ಹೇಳಬೇಕಾದ ಮಾತು ಈಗ ಬಂತು! ಮೂಡಲಗಿಯ ಹೊಲದಿಂದ ಪಂಪ್‌ಸೆಟ್ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿ ಬರೇ ‘ಮೋಟರ್ ಎತ್ತವಲ್ದು’ ಅಂದರೆ ಅವನು ಜಾಗ ಬಿಟ್ಟು ಏಳುವುದಿಲ್ಲ. ಮೂರೂ ಫೇಸ್ ಅದಾವೋ, ಸ್ಟಾರ್ಟರ್ ಟ್ರಿಪ್ ಆಗೈತೋ ಅಂತ ಕೇಳಿಯೇ ಕೇಳುತ್ತಾನೆ.

“ಐಆರ್‌ಎಸ್‌ಗೆ ನೀ ಎಲ್ಲಿ ನಿಂತೀ ಅಂತ ಹೇಳೀ ಏನು?”

“ಅದಕ್ಕ ಗೊತ್ತಿರೂದಿಲ್ಲೇನ್ರಿ?”

ಐಆರ್‌ಎಸ್ ಅಂದರೆ ವಿಮಾನ ಎಲ್ಲಿದೆ, ಎತ್ತ ಮುಖ ಮಾಡಿದೆ ಎಂದು ಲೆಕ್ಕ ಹಾಕುವ ಯಂತ್ರ. ಅದಕ್ಕೆ ಅರ್ಧ ಮಾತ್ರ ಗೊತ್ತಿರುತ್ತದೆ. ಭೂಮಿ ತಿರುಗುವುದನ್ನು ತನ್ನ ಗೈರೋಗಳಿಂದ ಅಳೆದು ಉತ್ತರ ದಿಕ್ಕನ್ನೂ ಅಕ್ಷಾಂಶವನ್ನೂ ಆ ಯಂತ್ರ ತಾನೇ ಕಂಡುಕೊಳ್ಳುತ್ತದೆ. ರೇಖಾಂಶ ಮಾತ್ರ ಹಾಗೆ ಸಿಗುವಂಥದ್ದಲ್ಲ, ನಾವೇ ಹೇಳಬೇಕು. ಸಾಂಬ್ರಾ ಅಂದರೆ ಸುಮಾರು 15 ಡಿಗ್ರಿ 51 ಮಿನಿಟ್ ಉತ್ತರ, 74 ಡಿಗ್ರಿ 37 ಮಿನಿಟ್ ಪೂರ್ವ. ಅಷ್ಟು ಬರೆದು, ಲೆಕ್ಕ ಮುಗಿಯುವ ತನಕ ವಿಮಾನ ಅಲ್ಲಾಡಿಸದೆ ಕೂಡಬೇಕು. ಇವನೋ, ದೀಪ ಪಕಪಕ ಅನ್ನುವಾಗಲೇ ರನ್‌ವೇ ಕಡೆ ದೌಡಾಯಿಸಿದ್ದ.

“ಯಾರನ್ ಕೇಳಿದ್ರೂ ಕಮ್ಯುನಿಟಿ ಫೋಲ್ಡರ್ ಖಾಲಿ ಮಾಡು ಅಂತಾರ್ರಿ.”

ಪುಕ್ಕಟೆ ಸಿಕ್ಕ ವಿಮಾನ ನಿಲ್ದಾಣ, ಬಣ್ಣ, ಅದು ಇದು ಎಲ್ಲ ಆ ಫೋಲ್ಡರಿನಲ್ಲಿ ತುರುಕಿರುತ್ತೇವೆ, ಒಂದಕ್ಕೊಂದು ಹೊಂದದೆ ಸಿಮ್ಯುಲೇಟರ್ ಮುಗ್ಗರಿಸುತ್ತದೆ. ಹಾಗಾಗಿ ಸಲಹೆ ಒಳ್ಳೆಯದೇ, ಆದರೆ ಈ ರೋಗಕ್ಕೆ ಆ ಮದ್ದಲ್ಲ. ಯೂಟ್ಯೂಬೂ ಆಗಿಬರುವುದಿಲ್ಲ. ಅಲ್ಲಿ ಎಲ್ಲರ ವಿಮಾನವೂ ಏಳುತ್ತದೆ, ಏಳದಿದ್ದವರು ವಿಡಿಯೋ ಹಾಕುವುದಿಲ್ಲ. ಕೈಪಿಡಿಯಲ್ಲಿ ಯಾವ ದೀಪಕ್ಕೆ ಏನರ್ಥ ಎಂಬ ಭಾಗವಷ್ಟನ್ನೇ ಓದಿದರೂ ನನ್ನ ಗೋಡೆಗೆ ಅರ್ಧ ಭಾರ ಕಡಿಮೆ.

ಆಯಿಗೆ ಈಗ ಕುತೂಹಲ. “ಅದರಾಗ ನಮ್ಮ ಗೋಕಾಕ ಫಾಲ್ಸ್ ಕಾಣ್ತೈತೇನು?”

ಹಿಡಕಲ್ ಡ್ಯಾಂ ದಾಟಿ ಘಟಪ್ರಭೆಯ ಗುಂಟ ಹೋದರೆ ಸಿಗುತ್ತದೆ. ಆದರೆ 52 ಮೀಟರಿನ ಧಬಧಬೆ ನೋಡಲಿಕ್ಕೆ 737 ಯಾಕೆ? ಸಣ್ಣ ಸೆಸ್ನಾ ಸಾಕು, ದೀಪದ ಕಾಟವೂ ಇಲ್ಲ.

“ಸೂಟಿಗೆ ಹುಕ್ಕೇರಿ ಮಾಮಾನ ಮನ್ಯಾಗ ಕುಂತು ಹಾರಸ್ತೀನ್ರಿ.”

“ಹಾರಸು, ಹಾರಸು,” ಎಂದರು ಆಯಿ. “1969ರಿಂದ ಅಲ್ಲಿ ಕರೆಂಟು ಸಹಕಾರಿ ಸಂಘದ್ದು. ಬಿಲ್ ನಿಮ್ಮ ಮಾಮಾಗ ಬರ್ತೈತಿ.”