ಏಳನೇ ಬಾಟಲಿಯ ಹಲ್ಲಿ

ಮೂರು ದಿನ ಆಯಿತು, ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಸುಳ್ಳು ಹೇಳುತ್ತಿಲ್ಲ. ಕಾರಣ ಗುಳಂಬ.

ಹೋದ ವರ್ಷ ಡಲ್ಲಾಸ್‌ನಲ್ಲಿರುವ ಮಗನಿಗೆ ಎರಡು ಡಬ್ಬಿ ಮಾವಿನಕಾಯಿ-ಬೆಲ್ಲದ ಗುಳಂಬ ಕಳಿಸಿದ್ದೆವು. ತಲುಪಿದ ದಿನ ಫೋನ್ ಮಾಡಿದ. "ಅಮ್ಮಾ, ಗುಳಂಬ ಬಂತು. ಆದ್ರ ಡಬ್ಬಿಯೊಳಗ ಅಲ್ಲ, ನನ್ನ ಪ್ಯಾಂಟಿನ ಜೇಬಿನೊಳಗ ಬಂತು." ಗಚ್ಚಿಬೌಲಿಯಲ್ಲಿ ಕಂಪ್ಯೂಟರ್ ಕುಟ್ಟುವ ನನ್ನ ಮಗಳು ಅಂದೇ ಪಣ ತೊಟ್ಟಳು: ಮುಂದಿನ ಸಲ ಬಾಟಲಿಗೆ ಹಾಕಿ, ಕುದಿಸಿ, ಗಾಳಿ ಆಡದಂತೆ ಸೀಲ್ ಮಾಡಿಯೇ ಕಳಿಸುವುದು.

ಅವಳು ಲೆಕ್ಕಕ್ಕೆ ಹಿಡಿಯದೆ ಹೋದದ್ದು ನಮ್ಮ ಅತ್ತೆಯನ್ನು. ವಯಸ್ಸು ಎಂಬತ್ನಾಲ್ಕು, ಹುಟ್ಟಿದ್ದು ರಾಯಚೂರು. ಎಂಟು ವರ್ಷದವರಿದ್ದಾಗಲೇ ಅಪ್ಪನ ನೌಕರಿಯ ಬೆನ್ನಿಗೆ ಹೈದರಾಬಾದಿನ ಕಾಚಿಗುಡಕ್ಕೆ ಬಂದವರು. ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರದ ಸಭೆಯಲ್ಲಿ ಯಾರಾದರೂ ಮೈಕಿನ ಮುಂದೆ "ಹೊರನಾಡ ಕನ್ನಡಿಗರು" ಅಂದರೆ ಕುರ್ಚಿಯಲ್ಲೇ ಕೆರಳುತ್ತಾರೆ. "ನಾ ಎಲ್ಲಿ ಹೊರಗ ಹೋಗೀನಿ? ನಾ ಇದ್ದಲ್ಲೇ ಇದ್ದೀನಿ. 1956ರೊಳಗ ರಾಯಚೂರೇ ಎದ್ದು ಆ ಕಡೆ ಹೋತು."

ಇಂಥವರ ಮುಂದೆ ಗುಳಂಬದ ವಿಷಯದಲ್ಲಿ ಹೊಸತು ಹೇಳಲು ಗುಂಡಿಗೆ ಬೇಕು.

ಮೊಂಡಾ ಮಾರ್ಕೆಟ್ಟಿನಿಂದ 3 ಕಿಲೊ ಹುಳಿ ಮಾವಿನಕಾಯಿ ಬಂತು. ಅಕ್ಕಪಕ್ಕದವರೆಲ್ಲ ಆವಕಾಯಿಗೆಂದು ಓಟೆ ಸಮೇತ ಹೋಳು ಹೊಡೆಸಿಕೊಳ್ಳುತ್ತಿದ್ದರೆ, ನಾವು ಮಾತ್ರ ಇಡೀ ಕಾಯಿ ಹೊತ್ತುಕೊಂಡು ಬಂದೆವು. ಸಿಪ್ಪೆ ತೆಗೆದು ತುರಿದ ಮೇಲೆ 2 ಕಿಲೊ, ಅಷ್ಟೇ ಬೆಲ್ಲ. ಏಲಕ್ಕಿ, ನಾಲ್ಕು ಲವಂಗ, ಕೇಸರಿ. ಅತ್ತೆ ಮಡಿಯುಟ್ಟು ಒಲೆಯ ಮುಂದೆ ನಿಂತು, ಪಾಕವನ್ನು ಎರಡು ಬೆರಳಲ್ಲಿ ಹಿಡಿದು ಎಳೆ ನೋಡಿ "ಸಾಕು" ಅಂದರು. ಇಲ್ಲಿವರೆಗೆ ಶಾಂತಿ.

ಆಮೇಲೆ ಮೊಮ್ಮಗಳು ಏಳು ಗಾಜಿನ ಬಾಟಲಿಗೆ ಬಿಸಿ ಗುಳಂಬ ತುಂಬಿ, ಮುಚ್ಚಳ ತಿರುವಿ, ನೀರು ಕುದಿಯುತ್ತಿದ್ದ ದೊಡ್ಡ ಪಾತ್ರೆಯಲ್ಲಿ ಒಂದೊಂದಾಗಿ ಮುಳುಗಿಸಿದಳು. ಅತ್ತೆ ಹೌಹಾರಿದರು. ಅವರ ಅಡುಗೆಮನೆಯಲ್ಲಿ ಉಪ್ಪಿನಕಾಯಿ, ಗುಳಂಬಗಳ ಹತ್ತಿರ ಒದ್ದೆ ಕೈಯವರು ಸುಳಿಯುವ ಹಾಗಿಲ್ಲ. ಒಮ್ಮೆ ಒದ್ದೆ ಚಮಚ ಹಾಕಿದ್ದಕ್ಕೆ ನನಗೆ ಎರಡು ವರ್ಷ ಭರಣಿ ಮುಟ್ಟುವ ಹಕ್ಕು ತಪ್ಪಿತ್ತು.

"ಗುಳಂಬಕ್ಕ ಗಂಗಾಸ್ನಾನ ಮಾಡಸ್ಲಿಕ್ಕತ್ತಾಳಲ್ಲೇ ನಿನ್ನ ಮಗಳು!"

"ನೀರು ಒಳಗ ಹೋಗಂಗಿಲ್ಲ. ಲೈಟ್ ತಗೋ ಅಜ್ಜಿ."

"ಲೈಟ್ ಯಾಕ ತಗೀಲಿ? ಮೊದಲೇ ಕಣ್ಣು ಕಾಣಂಗಿಲ್ಲ ನನಗ."

ಸದ್ದು ಕೇಳಿ ಬಂದ ಪಕ್ಕದ ಮನೆಯ ಆಂಟಿ ಪಾತ್ರೆಯೊಳಗೆ ಇಣುಕಿ, "ಮೇಮು ನೂನೆ ಪೋಸೇಸ್ತಾಂ, ಅಂತೇ" (ನಾವು ಎಣ್ಣೆ ಸುರಿದುಬಿಡ್ತೇವೆ, ಅಷ್ಟೇ) ಎಂದು ಒಂದೇ ವಾಕ್ಯದಲ್ಲಿ ವಿಜ್ಞಾನವನ್ನು ಮುಗಿಸಿ ಹೊರಟುಹೋದರು. ಮಗಳು ಬಿಡಲಿಲ್ಲ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಆಹಾರವನ್ನು ಬಾಟಲಿಗೆ ತುಂಬಿ, ಬೂಚು ಬಿಗಿದು, ಕುದಿಸಿ ಕೆಡದಂತೆ ಇಟ್ಟದ್ದಕ್ಕೆ 1810ರಲ್ಲಿ ಅಲ್ಲಿನ ಸರ್ಕಾರ 12,000 ಫ್ರಾಂಕ್ ಇನಾಮು ಕೊಟ್ಟಿತು ಎಂದಳು. ಅತ್ತೆ ಉಸಿರೆಳೆದರು. "ನಮ್ಮಜ್ಜಿ ಭರಣಿ ಬಾಯಿಗೆ ಅರಿವಿ ಕಟ್ಟಿ ಎರಡು ವರ್ಷ ಇಡ್ತಿದ್ದಳು. ಯಾವ ನಿಜಾಮ ಒಂದು ಪೈಸಾ ಕೊಟ್ಟ?"

ಇದಕ್ಕೆ ಫ್ರಾನ್ಸಿನ ಬಳಿ ಉತ್ತರವಿರಲಿಲ್ಲ.

ರಾತ್ರಿ ಏಳೂ ಬಾಟಲಿ ಊಟದ ಮೇಜಿನ ಮೇಲೆ, ನಮ್ಮವರ ಹಳೆ ಪಂಚೆಯ ಮೇಲೆ ಸಾಲಾಗಿ ಆರುತ್ತಿದ್ದವು. ಒಳಗಿನ ಹಬೆ ತಣಿದು ನೀರಾದಾಗ ಹೊರಗಿನ ಗಾಳಿ ಮುಚ್ಚಳದ ನಡುವಿನ ಉಬ್ಬನ್ನು ಒಳಕ್ಕೆ ಅದುಮುತ್ತದೆಯಂತೆ. ಅದುಮಿದಾಗ ಟಕ್ ಅನ್ನುತ್ತದೆಯಂತೆ. ಇದನ್ನು ಮಗಳು ನನಗೆ ಹೇಳಿದ್ದಳು, ಅಜ್ಜಿಗೆ ಹೇಳಿರಲಿಲ್ಲ. ಅನಾಹುತವೆಲ್ಲ ಅಲ್ಲೇ ಆದದ್ದು.

ಅತ್ತೆ ಸೋಫಾದಲ್ಲಿ ಕೂತು, "ಹಿಂಗ ಮಾಡಿದ ಗುಳಂಬ ನಮ್ಮಜ್ಜಿ ಗುಳಂಬದ ರುಚಿ ಬರೋದಿಲ್ಲ ಬಿಡು" ಅಂದರು.

ಟಕ್.

ಅತ್ತೆ ಬೆರಳು ಮಡಿಚಿ ಸೋಫಾದ ಕಟ್ಟಿಗೆಯನ್ನು ಮೂರು ಸಲ ತಟ್ಟಿ, "ಕೃಷ್ಣ ಕೃಷ್ಣ. ನೋಡ್ರಿ, ಹಲ್ಲಿ ಲೊಚಗುಟ್ತು. ಸತ್ಯ ಅದ" ಅಂದರು. ಮಗಳು ಬಾಯಿ ತೆರೆದಳು, ನಾನು ಚಿವುಟಿದೆ. ಇಂಥ ರಾತ್ರಿ ವರ್ಷಕ್ಕೊಮ್ಮೆಯೂ ಬರುವುದಿಲ್ಲ.

ಸಕ್ಕರೆ ಕಾಯಿಲೆಯ ನಮ್ಮವರು ಪೇಪರಿನ ಹಿಂದಿನಿಂದ, "ನಾನಂತೂ ಒಂದು ಚಮಚ ಸೈತ ಮುಟ್ಟಿಲ್ಲ" ಅಂದರು. ಯಾರೂ ಕೇಳಿರಲಿಲ್ಲ. ಮೇಜು ಮೌನ.

"ತಿಂದೀದಿ ನೀನು" ಅಂದರು ಅತ್ತೆ.

ಟಕ್. ಕೃಷ್ಣ ಕೃಷ್ಣ.

ಪೇಪರು ನಿಧಾನವಾಗಿ ಕೆಳಗಿಳಿಯಿತು. "ಎರಡು ಚಮಚ" ಅಂತು ಪೇಪರಿನ ಹಿಂದಿದ್ದ ಮುಖ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲಗಾರರ ಸುಳ್ಳು ಹಿಡಿದ ಮನುಷ್ಯ!

ಅಷ್ಟು ಹೊತ್ತಿಗೆ ಅತ್ತೆಗೆ ಅಧಿಕಾರದ ರುಚಿ ಹತ್ತಿತ್ತು. ಸದ್ದು ಪೂರ್ವದ ಮೂಲೆಯಿಂದ ಬಂತು, ಶುಭ ಎಂದು ತೀರ್ಪು ಕೊಟ್ಟು ಒಂದೊಂದೇ ವಿಷಯ ವಿಚಾರಣೆಗೆ ತೆಗೆದರು. ಬರ್ಕತ್‌ಪುರದ ರಾಯರ ಮಠಕ್ಕೆ ಈ ತಿಂಗಳು ನಾನು ಒಂದೇ ಸಲ ಹೋಗಿದ್ದು: ಟಕ್. ಹೋದ ಯುಗಾದಿಯಲ್ಲಿ ಅವರ ಬೆಳ್ಳಿ ಬಟ್ಟಲಿಗೆ ನೆಗ್ಗು ಬೀಳಿಸಿದ್ದು ನಾನೇ, ಕೆಲಸದವಳಲ್ಲ: ಟಕ್. ನಗು ಅಲ್ಲಿಗೆ ನನಗೆ ನಿಂತಿತು. ಮಗಳು ಮಾತ್ರ ದಿಂಬು ಕಚ್ಚಿಕೊಂಡು ಹೊರಳಾಡುತ್ತಿದ್ದಳು.

"ಇದೇ ವರ್ಷ ಇವಳ ಮದುವಿ ಆಗ್ತದ."

ಹೊರಳಾಟ ನಿಂತಿತು. ಫ್ಯಾನಿನ ಸದ್ದೊಂದೇ. ನಾವೆಲ್ಲ ಮೇಜನ್ನೇ ನೋಡುತ್ತಿದ್ದೆವು, ವಿಜ್ಞಾನ ಓದಿದವಳೂ ನೋಡುತ್ತಿದ್ದಳು.

ಟಕ್.

"ಅಜ್ಜಿ, ಅದು ಹಲ್ಲಿ ಅಲ್ಲ, ಮುಚ್ಚಳ! ಒಳಗ ವ್ಯಾಕ್ಯೂಮ್ ಆಗ್ತದ!"

"ವ್ಯಾಕ್ಯೂಮ್ ಅಂದ್ರ ಕಸ ಎಳಿಯೋ ಮಷೀನು. ಹಲ್ಲಿ ನನ್ನ ಮಾತಿಗೆ ಹೇಳಿದ್ರ ಹಲ್ಲಿ, ನಿನಗ ಹೇಳಿದ್ರ ಮುಚ್ಚಳ ಏನು?"

ಟಕ್. ಇದು ಆರನೆಯದು. ಮಗಳು ಕೈಚೆಲ್ಲಿದಳು.

ಏಳನೆಯದು ಬಾಕಿ. ಹತ್ತೂವರೆಯಾದರೂ ಅತ್ತೆ ಮಲಗಲು ಏಳಲಿಲ್ಲ. ಸೀರೆಯ ಅಂಚನ್ನು ಮಡಿಚುತ್ತ, ಬಿಡಿಸುತ್ತ, ಯಾರಿಗೂ ಅಲ್ಲವೆಂಬಂತೆ ಅಂದರು: "ಬರೋ ವರ್ಷದ ಗುಳಂಬಾನೂ ನಾನೇ ಮಾಡ್ತೀನಿ."

ಕಾದೆವು. ಏನೂ ಇಲ್ಲ. ನಮ್ಮವರು ಇಲ್ಲದ ಕೆಮ್ಮು ಕೆಮ್ಮಿದರು. ಅತ್ತೆ ಅಂಚು ಮಡಿಚುತ್ತಲೇ ಇದ್ದರು.

ಮಗಳು ನೀರು ಕುಡಿಯುವವಳ ಹಾಗೆ ಎದ್ದು ಮೇಜಿನ ಹತ್ತಿರ ಹೋದಳು. ಸೀಲ್ ಆಗದ ಮುಚ್ಚಳವನ್ನು ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೇಳುತ್ತದೆ.

ಟಕ್, ಟಕ್.

"ಕೃಷ್ಣ ಕೃಷ್ಣ" ಅಂದರು ಅತ್ತೆ. ಕಟ್ಟಿಗೆ ತಟ್ಟಿ ಎದ್ದು, ಮೊಮ್ಮಗಳ ಪಕ್ಕದಲ್ಲಿ ಹಾದುಹೋಗುವಾಗ ಅವಳ ಹೆಬ್ಬೆರಳು ಹಿಡಿದು ನೋಡಿದರು. "ಹಲ್ಲಿಗೆ ಉಗುರು ಬಣ್ಣ ಯಾಕ ಬೇಕಾಗಿತ್ತೋ" ಎಂದು ಗೊಣಗುತ್ತ ಮಲಗಲು ಹೋದರು.

ಆರು ಬಾಟಲಿ ಡಲ್ಲಾಸ್‌ಗೆ ಹೋಗುವ ಪೆಟ್ಟಿಗೆ ಸೇರಿವೆ. ಏಳನೆಯದು ಸೀಲ್ ಆಗದ್ದರಿಂದ ಫ್ರಿಜ್ಜಿನಲ್ಲಿದೆ. ಮೂರು ದಿನದಲ್ಲಿ ಅರ್ಧಕ್ಕೆ ಇಳಿದಿದೆ. ನಮ್ಮವರು ಮುಟ್ಟಿಲ್ಲವಂತೆ, ಆದರೆ ಗಟ್ಟಿಯಾಗಿ ಹೇಳುತ್ತಿಲ್ಲ.