ನಿದ್ದೆಗೆಟ್ಟವನೊಬ್ಬ ಹಣ್ಣುನೊಣಕ್ಕೆ ಬರೆದ ಬಹಿರಂಗ ಪತ್ರ

ಮಾನ್ಯ ಹಣ್ಣುನೊಣದವರೇ,

ನಾನಿಲ್ಲಿ ಕ್ಷೇಮ, ನಿದ್ದೆಯೊಂದನ್ನು ಬಿಟ್ಟು. ಈಗ ರಾತ್ರಿ ಎರಡೂವರೆ. ನೀರು ಕುಡಿಯಲು ಅಡುಗೆಮನೆಗೆ ಬಂದರೆ, ಸಿಪ್ಪೆ ಕಪ್ಪಾದ ಏಲಕ್ಕಿ ಬಾಳೆಹಣ್ಣಿನ ಮೇಲೆ ತಾವು ಚಿತ್ತೈಸಿದ್ದೀರಿ. ನಮ್ಮ ಮನುಷ್ಯಕುಲ ತಮಗೆ ಮಾಡಿದ ಉಪಕಾರ ಗುಟ್ಟಾಗಿ ಉಳಿಯಬಾರದೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗೂ ನಿದ್ದೆಯಿದೆ ಎಂದು ಅಮೆರಿಕದ ಎರಡು ತಂಡಗಳು ತೋರಿಸಿಕೊಟ್ಟದ್ದು 2000ನೇ ಇಸವಿಯಲ್ಲಿ. ಅಂದಿನಿಂದ ಪ್ರಯೋಗಾಲಯಗಳಲ್ಲಿ ತಮಗೆ ಒಬ್ಬೊಬ್ಬರಿಗೂ ಸಪೂರದ ಗಾಜಿನ ನಳಿಗೆಯೇ ಶಯನಗೃಹ. ಒಂದು ತುದಿಗೆ ಊಟ, ಇನ್ನೊಂದಕ್ಕೆ ಹತ್ತಿ, ನಡುವೆ ಅವಕೆಂಪು ಕಿರಣ. ಐದು ನಿಮಿಷ ಅದನ್ನು ದಾಟದಿದ್ದರೆ ನಿದ್ದೆಯೆಂದು ಲೆಕ್ಕ. ಈ ಲೆಕ್ಕದಲ್ಲಿ, ಹನ್ನೊಂದರಿಂದ ಎರಡರವರೆಗೆ ಫ್ಯಾನು ನೋಡುತ್ತ ಕೊರಡಿನಂತೆ ಬಿದ್ದಿದ್ದ ನನ್ನದೂ ಸುಖನಿದ್ದೆಯೇ!

ವಿಜ್ಞಾನಿಗಳು ಅಷ್ಟಕ್ಕೇ ನಂಬುವವರಲ್ಲ. ಕುಲುಕಿ ನೋಡಿದರು, ಮಲಗಿದ ತಾವು ಸುಲಭಕ್ಕೆ ಏಳಲಿಲ್ಲ. ರಾತ್ರಿಯಿಡೀ ಮಲಗಗೊಡಲಿಲ್ಲ, ಮರುದಿನ ತಾವು ಹೆಚ್ಚು ಮಲಗಿ ಬಾಕಿ ತೀರಿಸಿಕೊಂಡಿರಿ. ಕೆಫೀನ್ ಕೊಟ್ಟರು; ನಮ್ಮ ಹಾಗೆ ತಾವೂ ಎದ್ದು ಕೂತಿರಿ. ಮಲಗಿದವರನ್ನು ಎಬ್ಬಿಸಿ 'ನಿದ್ದೆ ಎಂದರೇನು?' ಎಂದು ಕೇಳುವ ಸೌಜನ್ಯ ನಮ್ಮದು.

ಆಮೇಲೆ ವಂಶವಾಹಿಯ ಬೇಟೆ. ಹತ್ತೇ ದಿನದಲ್ಲಿ ಮೊಟ್ಟೆಯಿಂದ ರೆಕ್ಕೆಗೆ ಬರುವ ತಮ್ಮ ಕುಲ ಅದಕ್ಕೆ ಹೇಳಿಮಾಡಿಸಿದ್ದು. ಸಂಶೋಧಕಿ ಕಿಯಾರಾ ಚಿರೆಲ್ಲಿ ಮತ್ತು ಸಂಗಡಿಗರು ಸುಮಾರು 9,000 ರೂಪಾಂತರಿ ತಳಿಗಳನ್ನು ಜಾಲಾಡಿ, ಉಳಿದವರ ನಿದ್ದೆಯ ಮೂರನೇ ಒಂದು ಪಾಲಷ್ಟೇ ಮಲಗುವ ತಳಿಯೊಂದನ್ನು 2005ರಲ್ಲಿ ಲೋಕಕ್ಕೆ ತೋರಿಸಿದರು. ಕೆಟ್ಟಿದ್ದು 'ಶೇಕರ್' ಎಂಬ ವಂಶವಾಹಿ. ನರಕೋಶದಿಂದ ಪೊಟ್ಯಾಸಿಯಂ ಹೊರಬಿಡುವ ಬಾಗಿಲಿಗೆ ಅದೇ ಬಡಗಿ. ನಿದ್ದೆ ಮೊಟಕಾದ ಆ ನೊಣಗಳ ಆಯಸ್ಸೂ ಮೊಟಕು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಿದ್ದರು ನಮ್ಮಜ್ಜಿ. ಸಾಲವಿಲ್ಲ, ಮಗಳ ಮದುವೆಯಿಲ್ಲ, ಆದರೂ ತಮ್ಮವರಿಗೆ ನಿದ್ದೆಯಿಲ್ಲ! ಗಾದೆಗೇ ತಿದ್ದುಪಡಿ ತಂದಿರಿ. ನನಗಂತೂ ಹಿಗ್ಗೋ ಹಿಗ್ಗು: ತಪ್ಪು ನನ್ನದಲ್ಲ, ಬಾಗಿಲಿನದು. ನಿನ್ನೆ ಹೆಂಡತಿಗೆ ಇದನ್ನೇ ವಿವರಿಸಿದೆ. ಅವಳು ಮಾತಾಡದೆ ನನ್ನ ದಿಂಬಿನ ಕೆಳಗಿಂದ ಮೊಬೈಲ್ ಎಳೆದಳು. ಅದಿನ್ನೂ ಬೆಳಗುತ್ತಿತ್ತು.

ತಮ್ಮನ್ನು ಮಾದರಿ ಜೀವಿ ಎಂದು ಹೊಗಳುತ್ತಾರೆ. ನಳಿಗೆಯಲ್ಲಿ ತಮಗೆ ಸಾಮಾನ್ಯವಾಗಿ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ; ನಿಮಿಷ ಆಚೀಚೆಯಾಗದು. ಮೆದುಳು, ನರ, ವಂಶವಾಹಿ ಎಲ್ಲಕ್ಕೂ ತಮ್ಮನ್ನು ಮಾದರಿಯಾಗಿಟ್ಟುಕೊಂಡ ನಾವು, ಹೊತ್ತಿಗೆ ಸರಿಯಾಗಿ ದೀಪ ಆರಿಸುವ ಆ ಒಂದು ಮಾದರಿಯನ್ನು ಮಾತ್ರ ತಮಗೇ ಬಿಟ್ಟುಕೊಟ್ಟಿದ್ದೇವೆ.

ಅಂದ ಹಾಗೆ, ತಾವು ಕದಲದೆ ಐದು ನಿಮಿಷವಾಯಿತು. ಲೆಕ್ಕದ ಪ್ರಕಾರ ನಿದ್ದೆ. ತಟ್ಟಿ ಪರೀಕ್ಷಿಸೋಣವೆಂದು ಕೈ ತುರಿಸುತ್ತಿದೆ. ಬೇಡ, ಒಬ್ಬರಾದರೂ ಮಲಗಲಿ. ಅಡುಗೆಮನೆಯ ದೀಪ ಆರಿಸುತ್ತೇನೆ. ಬಾಳೆಹಣ್ಣು ತಮಗೇ ಇರಲಿ.

ಇಂತಿ,
ಇನ್ನೂ ಎಚ್ಚರವಾಗಿರುವ ತಮ್ಮ ವಿಶ್ವಾಸಿ