ಊಟ ಆಗಿದ್ದರೆ ಬೋಅ ತಾರ್ದ್

ಅರವತ್ತರ ಮೇಲೆ ಹೊಸ ಭಾಷೆ ಕಲಿಯುವುದೆಂದರೆ ಕಟ್ಟಿಸಿಕೊಂಡ ಹಲ್ಲಿನಲ್ಲಿ ಕೋಡುಬಳೆ ಕಡಿದ ಹಾಗೆ, ಸದ್ದೇ ಜಾಸ್ತಿ. ಆದರೆ ಲಿಸ್ಬನ್ನಿನಲ್ಲಿರುವ ಮಗಳು ಫೋನಿನಲ್ಲೇ ತಾಕೀತು ಮಾಡಿದ್ದಳು: "ಅಪ್ಪಾ, ಬರೋಕೆ ಮುಂಚೆ ನಾಲ್ಕು ಮಾತು ಪೋರ್ಚುಗೀಸ್ ಕಲಿತುಕೋ. ಇಲ್ಲಿ ಲಿಫ್ಟ್ ಹತ್ತಿದ್ರೂ, ಡಾಕ್ಟರ ಹತ್ರ ಕಾಯೋಕೆ ಕೂತ್ರೂ ಮೊದಲು ನಮಸ್ಕಾರ ಹೇಳ್ಬೇಕು." ನಾವೋ, ಲಿಫ್ಟ್ ಹತ್ತಿದೊಡನೆ ಬಾಗಿಲ ಮೇಲಿನ ಅಂಕಿಯನ್ನೇ ಮಂತ್ರಾಕ್ಷತೆಗೆ ಕಾದವರಂತೆ ನೋಡುತ್ತ ನಿಲ್ಲುವ ಜನ.

ಈ ಪೋರ್ಚುಗೀಸರ ಮೇಲೆ ನನಗೊಂದು ಹಳೆಯ ತಕರಾರಿದೆ. 1510ರಿಂದ 1961ರವರೆಗೆ ಪಕ್ಕದ ಗೋವೆಯಲ್ಲಿ ಠಿಕಾಣಿ ಹೂಡಿದ್ದರು. ಚಾವಿ, ಅನಾನಸು ಮುಂತಾದ ಹೆಸರನ್ನು ನಮ್ಮ ಭಾಷೆಗೆ ದಾಟಿಸಿದರು. ಅದೇ ಗಂಟಿನಲ್ಲಿ ಒಂದು ನಮಸ್ಕಾರವನ್ನೂ ಕಟ್ಟಿಕೊಟ್ಟಿದ್ದರೆ ಮುದಿವಯಸ್ಸಿನಲ್ಲಿ ನನಗೆ ಈ ಪರೀಕ್ಷೆ ತಪ್ಪುತ್ತಿತ್ತು.

ಮೊದಲ ಪಾಠ ಹೆಸರು ಹೇಳುವುದು. 'ನನ್ನ ಹೆಸರು' ಎನ್ನಲು ಅವರು 'ಶಾಮುಮ್' ಅನ್ನುತ್ತಾರೆ. ನಾನು ಶಾಮರಾಯ, ಮನೆಮಂದಿಗೆಲ್ಲ ಶಾಮು. ಹಾಗಾಗಿ ನನ್ನ ಪರಿಚಯ: "ಶಾಮುಮ್ ಶಾಮು." ನನ್ನಾಕೆ ಕೇಳಿ, "ಯಾವ ದೇವರ ಬೀಜಮಂತ್ರಾರೀ ಇದು?" ಎಂದಳು. ಲಿಸ್ಬನ್ನಿನ ಬೇಕರಿಯವನಿಗೆ ಇದನ್ನೇ ಹೇಳಿದೆ. ಆತ ಪಾಪ, ತಲೆಯಾಡಿಸುತ್ತ ಕಾದ. ನಾನು ಇನ್ನೊಮ್ಮೆ ಹೇಳಿದೆ. ಮತ್ತೂ ಕಾದ. ಹೆಸರು ಬರುವ ಮುಂಚೆಯೇ ಉಗ್ಗುತ್ತಿದ್ದೇನೆಂದು ತಿಳಿದನೋ ಏನೋ, ಒಂದು ಲೋಟ ನೀರು ಕೊಟ್ಟ.

ನೀರು ಕೊಟ್ಟವನಿಗೆ ಧನ್ಯವಾದ ಹೇಳಬೇಡವೆ? "ಒಬ್ರಿಗಾದ" ಎಂದೆ. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ಮುಖ ತಿರುಗಿಸಿಕೊಂಡು ನಕ್ಕರು. ಆಮೇಲೆ ಮಗಳು ಬಿಡಿಸಿ ಹೇಳಿದಳು: ಗಂಡಸಾದರೆ ಒಬ್ರಿಗಾದು, ಹೆಂಗಸಾದರೆ ಒಬ್ರಿಗಾದ. ನಾನು ಮೊಬೈಲಿನಲ್ಲಿ ಒಬ್ಬ ಮೇಡಂ ಪಾಠ ಕೇಳಿ ಕಲಿತವನು. ಗುರುಗಳು ಹೇಳಿದ್ದನ್ನು ಚಾಚೂ ತಪ್ಪದೆ ಒಪ್ಪಿಸುವ ಹಳೇ ಕಾಲದ ಶಿಷ್ಯ, ಅದೇ ಮುಳುವಾಯಿತು. ಆ ಮಾತಿನ ಮೂಲ ಅರ್ಥವಾದರೂ ಏನು? 'ಕಟ್ಟುಬಿದ್ದಿದ್ದೇನೆ' ಎಂದು. ಒಂದು ಲೋಟ ನೀರಿಗೇ ಇಷ್ಟು ಋಣ! ನಮ್ಮಲ್ಲಿ ಮೂವತ್ತೈದು ವರ್ಷ ಅನ್ನ ಹಾಕಿದವಳಿಗೂ "ಉಪ್ಪು ಸ್ವಲ್ಪ ಮುಂದಾಯ್ತು" ಎಂದಷ್ಟೇ ಹೇಳಿ ಎದ್ದು ಹೋಗುತ್ತೇವೆ.

ಇಲ್ಲಿ ಹೊತ್ತಿಗೂ ಲಿಂಗವುಂಟು. ದಿನ ಗಂಡು, ಅದಕ್ಕೇ ಬೆಳಗ್ಗೆ ಬೋಂ ದೀಅ. ಮಧ್ಯಾಹ್ನ, ರಾತ್ರಿ ಹೆಣ್ಣು, ಅವಕ್ಕೆ ಬೋಅ ತಾರ್ದ್, ಬೋಅ ನೋಯ್ತ್. "ಸರಿಯಾಗೇ ಇದೆ. ಬೆಳಗ್ಗೆ ಪೇಪರ್ ಹಿಡ್ಕೊಂಡು ಕೂರೋದು ಗಂಡು, ಆಮೇಲಿಂದ ರಾತ್ರಿವರೆಗೆ ದುಡಿಯೋದು ಹೆಣ್ಣು," ಎಂದಳು ನನ್ನಾಕೆ. ವ್ಯಾಕರಣಕ್ಕೆ ಇಷ್ಟು ಖಾರವಾದ ಭಾಷ್ಯವನ್ನು ನಾನು ಎಲ್ಲೂ ಓದಿಲ್ಲ.

ಬೋಅ ನೋಯ್ತ್ ಇನ್ನೊಂದು ಪೇಚು ತಂದಿಟ್ಟಿತು. ಒಂದು ರಾತ್ರಿ ಊಟಕ್ಕೆ ಹೋಟೆಲಿಗೆ ಹೋದೆವು. ಬಾಗಿಲಲ್ಲೇ ಮಾಣಿ ನಗುತ್ತ "ಬೋಅ ನೋಯ್ತ್" ಅಂದ. ಗುಡ್ ನೈಟ್ ಅಂದರೆ ನಮ್ಮ ಲೆಕ್ಕದಲ್ಲಿ ಜಾಗ ಖಾಲಿ ಮಾಡಿ ಎಂದು ತಾನೆ? ಬಾಗಿಲು ಹಾಕುವ ಹೊತ್ತೇನೋ ಎಂದು ನಾನೂ "ಬೋಅ ನೋಯ್ತ್" ಎಂದು ಮರಳಿ ಬೀದಿಗಿಳಿದೆ. ಅವರಿಗೆ ಬರುವಾಗಲೂ ಅದೇ, ಹೊರಡುವಾಗಲೂ ಅದೇ ಎಂದು ಅಳಿಯಂದಿರು ರಟ್ಟೆ ಹಿಡಿದು ಕರೆತಂದ ಮೇಲೆ ಗೊತ್ತಾಯಿತು. ಕೂತ ಮೇಲೆ ಮಾಣಿ ಕೇಳಿದ: "ಒ ಸೆನ್ಯೋರ್ ಕೆರ್ ಕಫೇ?" ಅಂದರೆ, "ಯಜಮಾನರಿಗೆ ಕಾಫಿ ಬೇಕೋ?" ಯಾವ ಯಜಮಾನರು ಎಂದು ಹಿಂದೆ ತಿರುಗಿ ನೋಡಿದೆ. ಎದುರಿಗಿರುವವರನ್ನೇ ಬೇರೆ ಯಾರೋ ಎಂಬಂತೆ ಮಾತಾಡಿಸುವುದು ಅಲ್ಲಿನ ಮರ್ಯಾದೆ. ಆ್ಯಪಿನಲ್ಲಿ ಕಲಿತ 'ವೊಸೆ', ಅಂದರೆ 'ನೀವು', ಬ್ರೆಜಿಲಿನಲ್ಲಿ ಸಲೀಸಾಗಿ ಓಡುತ್ತದೆ. ಪೋರ್ಚುಗಲ್ಲಿನ ಹಿರಿಯರಿಗೆ ಹಾಗಂದರೆ ಒರಟೆನಿಸಬಹುದು. "ರಾಯರ ಸವಾರಿ ಎಲ್ಲಿಗೆ?" ಎಂದು ರಾಯರನ್ನೇ ಕೇಳುವ ನಮಗೆ ಇದೇನು ಹೊಸದಲ್ಲ ಬಿಡಿ.

ಫೋನಿನ ಶಿಷ್ಟಾಚಾರ ಮಾತ್ರ ನನ್ನನ್ನು ದಂಗುಬಡಿಸಿತು. ಫೋನೆತ್ತಿದವರು ಹಲೋ ಅನ್ನುವುದಿಲ್ಲ, "ಶ್ತೋ?" ಅನ್ನುತ್ತಾರೆ. ಅರ್ಥ: 'ಇದ್ದೇನೆಯೆ?' ಕರೆ ಮಾಡಿದವನನ್ನೇ ಕೇಳುವುದು! ನಮ್ಮಲ್ಲಿ ಈ ಪ್ರಶ್ನೆಗೆ ಮಠ ಸೇರಿ ಭಾಷ್ಯ ಓದಬೇಕು. ಇವರು ತರಕಾರಿ ಅಂಗಡಿಯ ಫೋನಿಗೂ ಕೇಳಿಬಿಡುತ್ತಾರೆ. "ಹೇಗಿದ್ದೀರಿ?" ಎಂದರೆ ಬರುವ ಉತ್ತರ "ವೈಸ್ ಅಂದಾಂದು", ಅಂದರೆ 'ಹೀಗೇ ನಡೀತಾ ಇದೆ'. ಅದನ್ನು ಕೇಳಿದಾಗ ಮಾತ್ರ ಬಸವನಗುಡಿಯ ಕಟ್ಟೆಯ ಮೇಲೆ ಕೂತಷ್ಟು ಹಿತವಾಯಿತು.

ಇನ್ನು ಕೊನೆಯ ಪರೀಕ್ಷೆ ಲಿಫ್ಟಿನಲ್ಲಿ. ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ಮೇಲಿನ ಮನೆಯ ಅಜ್ಜಿಗೆ ಗತ್ತಿನಿಂದ "ಬೋಅ ತಾರ್ದ್" ಎಂದೆ. ಅಜ್ಜಿ ಗಂಭೀರವಾಗಿ ತಲೆಯಾಡಿಸಿ "ಬೋಂ ದೀಅ" ಎಂದು ತಿದ್ದಿ, ಹೊಟ್ಟೆ ಮುಟ್ಟಿಕೊಂಡು ಏನೋ ಹೇಳಿದರು. "ಅವರದ್ದಿನ್ನೂ ಊಟ ಆಗಿಲ್ವಂತೆ," ಎಂದಳು ಮಗಳು. ಊಟ ಆಗುವವರೆಗೆ ಅಲ್ಲಿ ಬೆಳಗ್ಗೆಯೇ ಅಂತೆ.

ಮರುದಿನ ಅದೇ ಹೊತ್ತು, ಅದೇ ಲಿಫ್ಟು, ಅದೇ ಅಜ್ಜಿ. ನಾನು ಗಡಿಯಾರ ನೋಡಿಕೊಂಡು ಲೆಕ್ಕ ಹಾಕುತ್ತಿದ್ದೆ. ಒಂದು ಮಾತೂ ಪೋರ್ಚುಗೀಸ್ ಕಲಿಯದೆ ಬಂದಿದ್ದ ನನ್ನಾಕೆ ಬೆರಳನ್ನೆಲ್ಲ ಕೂಡಿಸಿ ಬಾಯಿಯ ಹತ್ತಿರ ಒಯ್ದು, ಅಚ್ಚಕನ್ನಡದಲ್ಲಿ ಕೇಳಿದಳು: "ಊಟ ಆಯ್ತಾ ಅಜ್ಜಿ?"

ಅಜ್ಜಿ ಇಲ್ಲವೆಂದು ತಲೆಯಾಡಿಸಿದರು.

"ಹಾಗಾದ್ರೆ ಬೋಂ ದೀಅ," ಎಂದಳು.